ಮೀಟಿಂಗ್ ಹಾಲ್‌ನಲ್ಲಿ ಒಬ್ಬರು

ಯಡಿಯೂರು ಕೆರೆ ಪಕ್ಕದ ಅಪಾರ್ಟ್‌ಮೆಂಟಿನಲ್ಲಿ ಕರೆಂಟು ಉಳಿಸೋಣ ಎಂದು ಸೆನ್ಸರ್ ಹಾಕಿಸಿದ್ದು ಕಾರ್ಯದರ್ಶಿ ಬದರಿನಾಥರೇ. ಮನುಷ್ಯರು ಒಳಗೆ ಬಂದರೆ ದೀಪ, ಎಸಿ ತಾವೇ ಹತ್ತುತ್ತಿದ್ದವು, ಹೋದರೆ ಆರುತ್ತಿದ್ದವು. ಆದರೆ ಅದರ ವರದಿ ತಾನಾಗಿಯೇ ಎಲ್ಲರ ವಾಟ್ಸಾಪಿಗೂ ಹೋಗುತ್ತದೆಂದು ಅವರಿಗೆ ತಿಳಿದದ್ದು ಸೋಮವಾರ ಬೆಳಿಗ್ಗೆ, ಹಲ್ಲುಜ್ಜುವಾಗ.

"ಮೀಟಿಂಗ್ ಹಾಲ್. ದಿನಾ ಮಧ್ಯಾಹ್ನ ಎರಡರಿಂದ ನಾಲ್ಕು. ಎಸಿ ಹದಿನೆಂಟು ಡಿಗ್ರಿ. ಜನ: ಒಬ್ಬರು."

ಬಾಯಲ್ಲಿದ್ದ ಪೇಸ್ಟ್ ಗಂಟಲಿಗಿಳಿಯಿತು. ಆ ಒಬ್ಬರು ಅವರೇ! ಮನೆಯಲ್ಲಿ ಹೆಂಡತಿ ಕಾತ್ಯಾಯಿನಿ ಎಸಿ ಮುಟ್ಟಲು ಬಿಡುತ್ತಿರಲಿಲ್ಲ. ಹಾಗಾಗಿ ಊಟ ಮುಗಿಸಿ ಏನೋ ನೆಪ ಹೇಳಿ ಬಂದು, ಹಾಲ್‌ನ ಸೋಫಾದ ಮೇಲೆ ಕೆರೆಗಿಳಿದ ಎಮ್ಮೆಯಂತೆ ತಂಪಾಗಿ ಬಿದ್ದುಕೊಳ್ಳುತ್ತಿದ್ದರು.

ಕೆಳಗಿಳಿಯುತ್ತಲೇ ನೆಲಮಹಡಿಯ ಚಿಕ್ಕಬೈರಪ್ಪ ಅಡ್ಡ ನಿಂತರು. ಒಂದು ಕಾಲಕ್ಕೆ ಇದೇ ಜಾಗದಲ್ಲಿ ರಾಗಿ ಬೆಳೆದವರು.

"ಯಾವನ್ ಸಾರ್ ಅವ್ನು? ಇವತ್ತು ಹಿಡ್ದೇ ಹಿಡಿಯೋಣ. ನೀವೇ ಮುಂದೆ ನಿಂತ್ಕೊಳಿ."

"ಹೌದು ಅಂಕಲ್, ಲೈವ್ ಡೇಟಾ ನನ್ ಫೋನಲ್ಲೇ ಕಾಣುತ್ತೆ," ಎಂದಳು ಎರಡನೇ ಮಹಡಿಯ ಶುಭಾ.

ಬದರಿನಾಥರಿಗೆ ಸಮಾಧಾನವೇ ಆಯಿತು. ತಾನು ಇವರ ಜೊತೆಯಲ್ಲಿದ್ದರೆ ಹಾಲ್ ಖಾಲಿ. ಸೆನ್ಸರ್ ಕೆಟ್ಟಿದೆ ಅಂದುಬಿಟ್ಟರಾಯಿತು.

ಮಧ್ಯಾಹ್ನ ಎರಡೂ ಹತ್ತಕ್ಕೆ, ಮೂವರೂ ಕಾಯುತ್ತಿದ್ದ ಗೇಟಿನ ಬಳಿ ಶುಭಾ ಕಿರುಚಿದಳು. "ಅಂಕಲ್! ಒಬ್ರು ಬಂದ್ರು! ಎಸಿ ಆನ್ ಆಯ್ತು!"

ಬದರಿನಾಥರು ತಮ್ಮ ಹೊಟ್ಟೆಯನ್ನೊಮ್ಮೆ ಮುಟ್ಟಿ ನೋಡಿಕೊಂಡರು. ತಾವು ಇಲ್ಲೇ ಇದ್ದರು.

"ತಡೀರಿ, ನೆಮ್ಮದಿಯಾಗಿ ಕೂರ್ಲಿ ಕಳ್ಳ," ಎಂದು ಚಿಕ್ಕಬೈರಪ್ಪ ಅರ್ಧ ಗಂಟೆ ಕಾಯಿಸಿದರು. ಆಮೇಲೆ ಬಾಗಿಲು ತಳ್ಳಿದರೆ, ಸೋಫಾದ ಮೇಲೆ ಸೆರಗು ಹೊದ್ದು ಗೊರಕೆ ಹೊಡೆಯುತ್ತಿದ್ದವರು ಕಾತ್ಯಾಯಿನಿ!

"ಅಯ್ಯೋ ಆಂಟಿ, ದಿನಾ ನೀವೇನಾ?" ಶುಭಾ ಫೋಟೋ ತೆಗೆದೇಬಿಟ್ಟಳು.

"ನಾನಾ? ನಾನು ಇವತ್ತೇ..." ಕಾತ್ಯಾಯಿನಿಯ ಮುಖ ಕೆಂಪಾಯಿತು. ಕೇಳುವವರು ಯಾರೂ ಇರಲಿಲ್ಲ.

ಸುಮ್ಮನಿದ್ದರೆ ಬದರಿನಾಥರು ಪಾರು. ಆದರೆ ಹೆಂಡತಿಯ ಮುಖ ನೋಡಿ ಅವರಿಗೆ ಸುಮ್ಮನಿರಲಾಗಲಿಲ್ಲ.

"ಅವಳಲ್ಲ. ದಿನಾ ಇಲ್ಲಿ ಮಲಗ್ತಿದ್ದೋನು ನಾನು. ದೇವರಾಣೆ."

ಚಿಕ್ಕಬೈರಪ್ಪನವರ ಕಣ್ಣು ಒದ್ದೆಯಾಯಿತು. "ಹೆಂಡ್ರ ಮಾನ ಉಳ್ಸೋಕೆ ದೇವ್ರ ಮೇಲೆ ಸುಳ್ಳಾಣೆ ಇಡ್ತೀರಲ್ಲ ಸಾರ್! ದೊಡ್ಡೋರು ನೀವು."

"ಸುಳ್ಳಲ್ಲ ರೀ, ನಿಜವಾಗ್ಲೂ ನಾನೇ!"

"ಸಾಕು ಬಿಡಿ ಅಂಕಲ್, ಅರ್ಥ ಆಯ್ತು." ಶುಭಾ ಫೋಟೋ ಅಳಿಸಿದಳು. ಇಬ್ಬರೂ ಅವರ ಬೆನ್ನು ತಟ್ಟಿ ಹೊರಟುಹೋದರು.

ಅವರ ಮಾತನ್ನು ಅಲ್ಲಿ ನಂಬಿದ್ದು ಒಬ್ಬರೇ.

ಕಾತ್ಯಾಯಿನಿ ನಿಧಾನವಾಗಿ ಎದ್ದು ಬಾಗಿಲು ಹಾಕಿದರು. "ಕೂತ್ಕೊಳಿ. ನಿಮ್ಮನ್ನ ಹಿಡಿಯೋಕೇ ಅಂತ ಬಂದು ಕೂತಿದ್ದೆ ನಾನು. ಹಾಳಾದ್ದು, ಕಣ್ಣು ಹತ್ಬಿಡ್ತು."