ನಮ್ಮ ಕಾರಿಗೆ ಸದ್ದು ಹಾಕಿಸಿದ್ದು

ನನ್ನ ಗಂಡ ತೀರಿಕೊಂಡ ಮೇಲೆ ಎಲ್ಲರೂ ಸಮಾಧಾನ ಹೇಳಲು ಬಂದರು. ಹೋಗುವಾಗ ಕಾರು ತೆಗೆದುಕೊಂಡು ಹೋದರು.

ಎಲ್ಲರೂ ಎಂದರೆ ಮೈದುನ ಮತ್ತು ಅವನ ಹೆಂಡತಿ. ಅವರಿಬ್ಬರು ಬಂದರೆ ಎಲ್ಲರೂ ಬಂದ ಹಾಗೆಯೇ ಇರುತ್ತದೆ.

"ಅತ್ತಿಗೆ, ಗಾಡಿ ನಿಂತಲ್ಲೇ ನಿಂತ್ರೆ ಬ್ಯಾಟರಿ ಸತ್ತೋಗುತ್ತೆ," ಎಂದ ಮೈದುನ. ಆ ಮಾತು ಈ ಮನೆಯಲ್ಲಿ ಈಗ ಆಡಬಾರದು ಎಂದು ಅವನಿಗೆ ಆಮೇಲೆ ಹೊಳೆಯಿತು. "ಅಂದ್ರೆ, ಹಾಳಾಗುತ್ತೆ," ಎಂದು ತಿದ್ದಿದ.

"ಹೌದಕ್ಕ, ಪಾಪ ಅದೂ ಒಂಟಿಯಾಗಿ ನಿಂತಿರುತ್ತೆ," ಎಂದಳು ಓರಗಿತ್ತಿ.

ಕಾರಿಗೆ ಬೇಸರವಾಗಬಾರದು ಎಂದು ಅದನ್ನು ಪ್ರತಿ ಭಾನುವಾರ ಸುತ್ತಿಸಿಕೊಂಡು ಬಂದರು. ನನ್ನನ್ನು ಯಾರೂ ಕರೆಯಲಿಲ್ಲ. ನನ್ನಲ್ಲಿ ಬ್ಯಾಟರಿ ಇಲ್ಲವಲ್ಲ.

ಕಾರು ದೊಡ್ಡದೇನಲ್ಲ. ನಾಲ್ಕು ಜನ ಕೂತರೆ ಐದನೆಯವರ ಉಸಿರಿಗೆ ಜಾಗವಿಲ್ಲ. ನನ್ನ ಗಂಡ ಉದ್ದ ಆಸಾಮಿ. ಸೀಟನ್ನು ಇನ್ನು ಹೋಗುವುದಿಲ್ಲ ಎನ್ನುವವರೆಗೆ ಹಿಂದಕ್ಕೆ ತಳ್ಳಿ ಕೂರುತ್ತಿದ್ದರು. ಆದರೂ ಮೊಣಕಾಲು ಸ್ಟಿಯರಿಂಗಿಗೆ ತಗಲುತ್ತಿತ್ತು. ಮೈದುನ ಗಿಡ್ಡ. ಅಣ್ಣನಿಗೆ ಬಟ್ಟೆಯೆಲ್ಲ ಖರ್ಚಾಗಿ, ಉಳಿದ ತುಂಡಿನಲ್ಲಿ ಹೊಲಿದ ಹಾಗಿದ್ದಾನೆ. (ನಾನು ಟೈಲರ್. ಪರದೆ, ಸೋಫಾ ಕವರು, ಯೂನಿಫಾರಂ ಹೊಲಿಯುತ್ತೇನೆ. ನನಗೆ ಎಲ್ಲವೂ ಬಟ್ಟೆಯ ಲೆಕ್ಕದಲ್ಲೇ ಕಾಣುತ್ತದೆ.) ಅವನು ಕೂತ ಕೂಡಲೇ ಸೀಟನ್ನು ಮೂರು ಹಲ್ಲು ಮುಂದಕ್ಕೆ ಎಳೆಯುತ್ತಿದ್ದ. ಕಟಕ್, ಕಟಕ್, ಕಟಕ್. ನಾನು ಮೆಷಿನ್ ನಿಲ್ಲಿಸಿ ಕೇಳಿಸಿಕೊಳ್ಳುತ್ತಿದ್ದೆ. ಅವರು ಕಾರು ಬಿಟ್ಟು ಹೋದ ಮೇಲೆ ಹೋಗಿ ಮತ್ತೆ ಹಿಂದಕ್ಕೆ ತಳ್ಳುತ್ತಿದ್ದೆ. ಆ ಸೀಟು ನನ್ನ ಗಂಡನ ಅಳತೆಯಲ್ಲೇ ಇರಬೇಕು. ನನಗೆ ಬೇಕಾದದ್ದು ಅಷ್ಟೇ.

ಬಾಯಿ ಬಿಟ್ಟು ಹೇಳಬಹುದಿತ್ತು ಎನ್ನುತ್ತೀರಿ. ಹೇಳಿದರೆ ಓರಗಿತ್ತಿ ಅಳುತ್ತಾಳೆ. ಅವಳು ಅತ್ತರೆ ನಾನೇ ಸಮಾಧಾನ ಮಾಡಬೇಕು. ಸಮಾಧಾನವಾದ ಮೇಲೆ ಅವಳು ಕಾರಿನಲ್ಲಿ ಮನೆಗೆ ಹೋಗುತ್ತಾಳೆ.

ಉಪಾಯ ಹೊಳೆದದ್ದು ಮೂಲೆಮನೆಯ ಪೇಂಟರನಿಂದ. ಅವನದೂ ನಮ್ಮದರಂಥದೇ ಸಣ್ಣ ಕಾರು. ಆದರೆ ಅದನ್ನು ಸ್ಟಾರ್ಟ್ ಮಾಡಿದರೆ ನನ್ನ ಸೂಜಿಗಳು ಡಬ್ಬಿಯೊಳಗೆ ಕುಣಿಯುತ್ತವೆ. ಆ ಕಾರನ್ನು ಯಾರೂ ಎರವಲು ಕೇಳುವುದಿಲ್ಲ. ಅವನ ಅತ್ತೆ ಮಂಡಿನೋವು ಇಟ್ಟುಕೊಂಡು ಬಸ್ಸಿಗೇ ಹೋಗುತ್ತಾರೆ.

"ಏನಪ್ಪಾ ಹಾಕ್ಸಿದೀಯ ಇದಕ್ಕೆ?" ಎಂದು ಕೇಳಿದೆ.

"ಹೆಡರ್ ಅಂತಮ್ಮ. ಎಂಜಿನ್ನಿಂದ ಹೊಗೆ ಹೊರಗೆ ತರೋ ಪೈಪು. ಕಂಪನಿದು ಕಿತ್ತಾಕಿ ಬೇರೆ ಹಾಕ್ಸಿದೆ. ಸದ್ದು ಕೇಳಿದ್ರಾ?"

"ಸತ್ತವರಿಗೂ ಕೇಳಿರುತ್ತೆ."

ಅವನು ಅದನ್ನು ಹೊಗಳಿಕೆ ಎಂದುಕೊಂಡ. ನಾನು ಹೆಡರ್, ಹೆಡರ್ ಎಂದು ಬಾಯಿಪಾಠ ಮಾಡುತ್ತ ಮನೆಗೆ ಬಂದೆ. ಐದನೇ ಕ್ಲಾಸಿನಲ್ಲಿ ಮಗ್ಗಿಯನ್ನೂ ಇಷ್ಟು ಶ್ರದ್ಧೆಯಿಂದ ಕಲಿತಿರಲಿಲ್ಲ.

ಮರುದಿನ ಗ್ಯಾರೇಜಿನ ಉದ್ದನೆಯ ಹುಡುಗನನ್ನು ಕರೆಸಿ ಕಾರನ್ನು ಅವನ ಕೈಲಿ ಕಳಿಸಿದೆ. ಹಿಂದೆ ನಾನೂ ನಡೆದು ಹೋದೆ. (ಗಂಡ ನನಗೂ ಡ್ರೈವಿಂಗ್ ಕಲಿಸಿದ್ದರು. ಲೈಸೆನ್ಸ್ ಇದೆ. ಆದರೆ ನಾನು ಓಡಿಸಬೇಕಾದರೆ ಸೀಟು ಎಳೆಯಬೇಕು.) ಗ್ಯಾರೇಜಿನ ಮೆಕ್ಯಾನಿಕ್ ಮೊದಲಿನಿಂದಲೂ ನಮ್ಮ ಕಾರು ನೋಡಿದವರು. ನರೆತ ಗಡ್ಡ, ಕಪ್ಪು ಕೈ.

"ಹೆಡರಾ?" ಎಂದು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನಿಮಗ್ಯಾಕಮ್ಮ ಅದು? ರೇಸಿಗೆ ಹೋಗ್ತೀರಾ?"

ಮೈದುನನನ್ನು ಓಡಿಸಲು ಎನ್ನಲಾಗುತ್ತದೆಯೇ? ಮರ್ಯಾದೆಯ ಪ್ರಶ್ನೆ. ನಾನು ತಲೆ ತಗ್ಗಿಸಿ, "ಅವರ ಕೊನೇ ಆಸೆ," ಎಂದುಬಿಟ್ಟೆ.

ಅವರ ಕೊನೆಯ ಆಸೆ ನಿಜವಾಗಿ ಊಟಕ್ಕೆ ಸ್ವಲ್ಪ ಉಪ್ಪು. ಡಾಕ್ಟರ್ ಬೇಡ ಎಂದಿದ್ದರು. ನಾನು ಹಾಕಲಿಲ್ಲ. ಹೆಡರ್ ಎಂದರೆ ಏನೆಂದು ಆ ಪುಣ್ಯಾತ್ಮನಿಗೆ ಗೊತ್ತೇ ಇರಲಿಲ್ಲ. ಬಾನೆಟ್ ತೆಗೆಯುವುದು ಹೇಗೆಂದೂ ಗೊತ್ತಿರಲಿಲ್ಲ.

ಮೆಕ್ಯಾನಿಕ್ ಮಾತ್ರ ಕರಗಿ ನೀರಾದರು. ಕೈ ಒರೆಸಿಕೊಂಡರು, ಕಣ್ಣು ಒರೆಸಿಕೊಂಡರು. ಒಂದೇ ಬಟ್ಟೆಯಲ್ಲಿ. ಮುಖವೆಲ್ಲ ಗ್ರೀಸ್ ಆಯಿತು.

ಮೂರು ಹೆಡರ್ ತಂದು ಮೇಜಿನ ಮೇಲಿಟ್ಟರು. ನೋಡಲು ನಾಲ್ಕು ಕಾಲಿನ ಪ್ಯಾಂಟಿನ ಹಾಗಿವೆ. ಎಂಜಿನ್ನಿನ ನಾಲ್ಕು ತೂತಿಗೆ ನಾಲ್ಕು ಕಾಲು. ಕೆಳಗೆ ಎಲ್ಲ ಸೇರಿ ಒಂದು ಸೊಂಟ.

"ಕಂಪನಿದು ಒತ್ತೊತ್ತಾಗಿ ಇರುತ್ತೆ. ಹೊಗೆ ನೂಕುನುಗ್ಗಲಲ್ಲಿ ಆಚೆ ಬರುತ್ತೆ," ಎಂದು ವಿವರಿಸಿದರು. "ಇದ್ರಲ್ಲಿ ಪ್ರತಿಯೊಂದಕ್ಕೂ ಬೇರೆ ದಾರಿ. ಎಂಜಿನ್ ಹಗುರ ಆಗುತ್ತೆ."

"ಸದ್ದು?"

"ಅದೇ ಹೇಳ್ತೀನಿ ಕೇಳಿ. ಈ ಮೊದಲನೇದು ಬೇಡವೇ ಬೇಡ. ಬೆಸುಗೆ ಸರಿಯಿಲ್ಲ. ಆರು ತಿಂಗಳಿಗೆ ಸೋರುತ್ತೆ. ಸೋರಿದ್ರೆ ಭಯಂಕರ ಸದ್ದು."

ನನ್ನ ಕಿವಿ ನೆಟ್ಟಗಾಯಿತು. ಭಯಂಕರ ಸದ್ದು. ಅದಕ್ಕೇ ಅಲ್ಲವೇ ನಾನು ಬಂದದ್ದು? ಅದನ್ನು ಎತ್ತಿಕೊಂಡೆ. ತಿರುಗಿಸಿ ನೋಡಿದೆ.

ಅಲ್ಲೇ ನಾನು ಕೆಟ್ಟೆ. ಬೆಸುಗೆ ಎಂದರೆ ಕಬ್ಬಿಣದ ಹೊಲಿಗೆ. ಇದು ಎಂಥ ಹೊಲಿಗೆ ಎನ್ನುತ್ತೀರಿ. ಒಂದು ಕಡೆ ಗಂಟು, ಒಂದು ಕಡೆ ಸಂದಿ, ಮೂರನೇ ಕಾಲು ಸೊಟ್ಟ. ಕುಡಿದು ಮೆಷಿನ್ ತುಳಿದ ಹಾಗೆ. ಮೂವತ್ತು ವರ್ಷ ಇಂಥ ಕೆಲಸವನ್ನು ಬಿಚ್ಚಿಸಿ ಮತ್ತೆ ಹೊಲಿಸಿದವಳು ನಾನು. ಬುದ್ಧಿ ಇದನ್ನೇ ತಗೋ ಎನ್ನುತ್ತಿತ್ತು. ಕೈ ಅದನ್ನು ಮೇಜಿನ ಮೇಲಿಟ್ಟು ಮೂರನೆಯದನ್ನು ಎತ್ತಿತು. ಅದರ ಬೆಸುಗೆಯೋ, ಒಂದೊಂದು ಹನಿಯೂ ಒಂದೇ ಅಳತೆ. ಅಳತೆಪಟ್ಟಿ ಇಟ್ಟು ಹಾಕಿದ ಹಾಗೆ. ಬೆರಳು ಆಡಿಸಿದೆ. ಎಲ್ಲೂ ತಡೆಯಲಿಲ್ಲ.

"ಇದೇ ಇರ್ಲಿ," ಎಂದೆ.

"ಕಣ್ಣು ಅಂದ್ರೆ ಕಣ್ಣು," ಎಂದರು ಮೆಕ್ಯಾನಿಕ್. "ಇಲ್ಲಿಗೆ ಬರೋ ಗಂಡಸರು ಯಾರೂ ಬೆಸುಗೆ ನೋಡಲ್ಲಮ್ಮ. ಹೊಳಪು ನೋಡ್ತಾರೆ."

ನಾನು ಉಬ್ಬಿಹೋದೆ. ಪೇಂಟರನೂ ಹೆಡರ್ ಎಂದೇ ಅಲ್ಲವೇ ಹೇಳಿದ್ದು, ಯಾವುದಾದರೇನು ಸದ್ದು ಬಂದೇ ಬರುತ್ತದೆ ಎಂದು ಸಮಾಧಾನ ಮಾಡಿಕೊಂಡೆ.

ಬೆಳಿಗ್ಗೆಯಿಂದ ಸಂಜೆವರೆಗೆ ಸ್ಟೂಲಿನ ಮೇಲೆ ಕೂತಿದ್ದೆ. ಹಳೆಯ ಪೈಪಿನ ಬೋಲ್ಟುಗಳು ಬಿಚ್ಚಿ ಬರಲಿಲ್ಲ. ಮೆಕ್ಯಾನಿಕ್ ಎಣ್ಣೆ ಬಿಟ್ಟರು, ಬೈದರು, ಉದ್ದನೆಯ ಸ್ಪಾನರಿಗೆ ನೇತುಬಿದ್ದರು. ಎರಡು ಬೋಲ್ಟು ಕತ್ತು ಮುರಿದುಕೊಂಡವು.

"ಇಷ್ಟು ವರ್ಷ ಒಂದೇ ಜಾಗದಲ್ಲಿ ಬಿಸಿ ತಿಂದು ಕಚ್ಕೊಂಡಿದೆ ಕಣಮ್ಮ. ಈಗ ಬಿಡು ಅಂದ್ರೆ ಎಲ್ಲಿ ಬಿಡುತ್ತೆ?"



ಕೊನೆಗೆ ಹೊಸದು ಕೂತಿತು. ಮೆಕ್ಯಾನಿಕ್ ಕೀಲಿ ತಿರುಗಿಸಿದರು. ನಾನು ಎರಡೂ ಕಿವಿಗೆ ಬೆರಳಿಟ್ಟುಕೊಂಡೆ. ಸ್ವಲ್ಪ ಹೊತ್ತು ಹಾಗೆಯೇ ನಿಂತಿದ್ದೆ. ಮೆಕ್ಯಾನಿಕ್ ನನ್ನನ್ನೇ ನೋಡುತ್ತಿದ್ದರು. ಬೆರಳು ತೆಗೆದೆ.

"ಸ್ಟಾರ್ಟ್ ಮಾಡಿ," ಎಂದೆ.

"ಆಗಿದೆಯಲ್ಲಮ್ಮ."

ಬಾನೆಟ್ ಮೇಲೆ ಕೈಯಿಟ್ಟೆ. ಹೌದು, ಆಗಿತ್ತು. ನಿದ್ದೆ ಬಂದ ಬೆಕ್ಕಿನ ಹಾಗೆ ಗುರುಗುಡುತ್ತಿತ್ತು.

"ಸದ್ದು ಎಲ್ಲಿ?"

"ಸದ್ದು ಹಿಂದಿನ ಸೈಲೆನ್ಸರ್ ಡಬ್ಬಿ ಕಿತ್ರೆ ಬರುತ್ತೆ. ಹೆಡರ್ ಒಳ್ಳೇದಿದ್ರೆ ಅಷ್ಟೇನೂ ಬರಲ್ಲ. ಸ್ವಲ್ಪ ಏನೋ ಬಂತು, ಅದಕ್ಕೆ ಮಧ್ಯದಲ್ಲಿ ಇನ್ನೊಂದು ಡಬ್ಬಿ ನಾನೇ ಸೇರಿಸ್ದೆ. ದುಃಖದಲ್ಲಿರೋರಿಗೆ ಗಲಾಟೆ ಆಗಬಾರದು. ಅದಕ್ಕೆ ದುಡ್ಡು ಬೇಡ. ಅವರ ನೆನಪಿಗೆ." ಮತ್ತೆ ಬಟ್ಟೆ ತೆಗೆದು ಕಣ್ಣು ಒರೆಸಿಕೊಂಡರು.

ಸತ್ತವರ ಹೆಸರಿನಲ್ಲಿ ಸುಳ್ಳು ಹೇಳಿದರೆ ಆಗುವುದು ಇದೇ. ಜನ ಮನಸ್ಸಿಟ್ಟು ಕೆಲಸ ಮಾಡಿಬಿಡುತ್ತಾರೆ.

ಭಾನುವಾರ ಮೈದುನ ಬಂದ. ಕಟಕ್, ಕಟಕ್, ಕಟಕ್. ಸ್ಟಾರ್ಟ್ ಮಾಡಿದ. ಬೀದಿಯ ತುದಿಯವರೆಗೆ ಹೋಗಿ, ತಿರುಗಿಸಿಕೊಂಡು ಬಂದು ನಿಂತ. ಮುಖ ನೋಡಬೇಕಿತ್ತು. ಹೆಣ್ಣು ನೋಡಿ ಒಪ್ಪಿಕೊಂಡು ಬಂದ ಹುಡುಗನ ಹಾಗೆ.

"ಅತ್ತಿಗೆ, ಏನ್ ಮಾಡ್ಸಿದೀರ ಇದಕ್ಕೆ? ಕಾಲಿಟ್ರೆ ಸಾಕು, ಹಾರುತ್ತೆ. ಏರಲ್ಲಿ ಗೇರೇ ಬದಲಾಯಿಸ್ಲಿಲ್ಲ."

"ಅಕ್ಕ ನಮಗೋಸ್ಕರ ಮಾಡ್ಸಿದಾರೆ ಕಣ್ರೀ," ಎಂದು ಓರಗಿತ್ತಿ ಗದ್ಗದಿತಳಾದಳು. "ಇನ್ಮೇಲೆ ನಮ್ಮಮ್ಮನ ಊರಿಗೇ ಹೋಗಿಬರಬಹುದು. ಪ್ರತಿ ವಾರ."

ಊರಿಗೆ ಹೋದರೆ ಎರಡು ದಿನ. ಎರಡು ದಿನ ಆ ಸೀಟು ಮೂರು ಹಲ್ಲು ಮುಂದೆಯೇ ಇರುತ್ತದೆ. ನನಗೆ ಎಲ್ಲಿಂದ ಧೈರ್ಯ ಬಂತೋ ತಿಳಿಯದು.

"ಇಲ್ಲ. ಕಾರು ನನಗೆ ಬೇಕು. ನಾನೇ ಓಡಿಸ್ತೀನಿ."



"ನೀವಾ? ಎಲ್ಲಿಗೆ?" ಎಂದ ಮೈದುನ.

ಎಲ್ಲಿಗೆ ಎಂದು ನಾನು ಯೋಚಿಸಿರಲಿಲ್ಲ. "ಪರದೆ ಕೊಟ್ಟುಬರೋಕೆ," ಎಂದೆ. "ಹೋಟೆಲಿಗೆ. ದೂರ ಇದೆ."

"ಯಾವ ಕಡೆ?"

ಬಾಯಿಗೆ ಬಂದ ಕಡೆ ಹೇಳಿದೆ. ಓರಗಿತ್ತಿ ಕೈ ತಟ್ಟಿದಳು.

"ನಮ್ಮಮ್ಮನ ಊರು ಅದೇ ದಾರೀಲೇ ಇದೆಯಲ್ಲಕ್ಕ. ಒಳ್ಳೇದೇ ಆಯ್ತು ಬಿಡಿ. ಇವರಿಗೂ ಓಡಿಸಿ ಓಡಿಸಿ ಸೊಂಟನೋವು."

ಮೈದುನ ಇಳಿದು ಹಿಂದೆ ಹೋಗಿ ಕೂತ. ಆಗಲೇ ಒಂದು ಕೈ ಸೊಂಟದ ಮೇಲಿತ್ತು.

ನಾನು ಒಳಗೆ ಹೋಗಿ ಯಾರದೋ ಪರದೆಗಳನ್ನು ಎತ್ತಿಕೊಂಡು ಬಂದೆ. ಕೂತೆ. ಅವನು ಎಳೆದದ್ದು ನನಗೆ ಸಾಲಲಿಲ್ಲ. ಇನ್ನೂ ಎರಡು ಹಲ್ಲು ಬೇಕಾಯಿತು. ಯಾರನ್ನು ತಡೆಯಲು ಇಷ್ಟೆಲ್ಲ ಮಾಡಿದೆನೋ, ಅವನಿಗಿಂತ ಹೆಚ್ಚು ನಾನೇ ಎಳೆದೆ. ಒಂದು ನಿಮಿಷ ಸ್ಟಿಯರಿಂಗ್ ಹಿಡಿದು ಕೂತಿದ್ದೆ.

"ಗೇರ್ ಮರೆತೋಯ್ತಾ ಅತ್ತಿಗೆ?" ಎಂದ ಮೈದುನ ಹಿಂದಿನಿಂದ.

ಕಾಲಿಟ್ಟೆ. ಮೈದುನ ಸುಳ್ಳು ಹೇಳಿರಲಿಲ್ಲ. ಹಾರಿತು.

ಮೊದಲು ಅವರು ಕಾರು ಮಾತ್ರ ಕೇಳುತ್ತಿದ್ದರು. ಈಗ ಕಾರಿನ ಜೊತೆ ಡ್ರೈವರೂ ಸಿಕ್ಕಿದ್ದಾಳೆ. ಹೋದ ವಾರ ಓರಗಿತ್ತಿಯ ತಾಯಿಯನ್ನೂ ಹತ್ತಿಸಿಕೊಂಡೆವು. ದೊಡ್ಡ ರಸ್ತೆಗೆ ಬರುತ್ತಿದ್ದಂತೆ ಓರಗಿತ್ತಿ ನನ್ನ ಭುಜ ಹಿಡಿದಳು.

"ಅಕ್ಕಾ, ನಿಧಾನ. ಭಾವ ಇದ್ದಿದ್ರೆ ಇಷ್ಟು ಜೋರಾಗಿ ಓಡಿಸ್ತಿರ್ಲಿಲ್ಲ."

"ಅವರು ಉಪ್ಪಿಲ್ಲದ ಊಟಾನೂ ಮಾಡಿದ್ರು," ಎಂದು ಕಾಲನ್ನು ಇನ್ನಷ್ಟು ಒತ್ತಿದೆ. ತಾಯಿ ಮಗಳು ಇಬ್ಬರೂ ಕೂಗಿಕೊಂಡರು. ಮೈದುನ ಕಣ್ಣು ಮುಚ್ಚಿ ಬಾಗಿಲು ಹಿಡಿದುಕೊಂಡ. ಎಂಜಿನ್ ಮಾತ್ರ ತುಟಿಪಿಟಕ್ಕೆನ್ನಲಿಲ್ಲ. ಸರಿ, ಇನ್ನು ಈ ಜನ್ಮದಲ್ಲಿ ಇವರು ಹತ್ತುವುದಿಲ್ಲ ಎಂದುಕೊಂಡೆ.

ಇಳಿದು, ಸೆರಗು ಸರಿಮಾಡಿಕೊಂಡು, ಓರಗಿತ್ತಿ ಕಿಟಕಿಗೆ ಬಗ್ಗಿದಳು.

"ಎಂಥ ಬೇಗ ಬಂದ್ಬಿಟ್ವಿ. ಮುಂದಿನ ಭಾನುವಾರ ಎಷ್ಟು ಗಂಟೆಗೆ ಬರ್ತೀರಕ್ಕ?"

ಒಂಬತ್ತು ಎಂದೆ.