ವಾಪಸ್ ತರಿಸಿಕೊಳ್ಳುವ ಭಾವ

ನನ್ನ ಭಾವನಷ್ಟು ದೊಡ್ಡ ವಿದ್ವಾಂಸರು ಮಂಗಳೂರಿನಲ್ಲಿ ಇನ್ನೊಬ್ಬರಿಲ್ಲ. ಪುರಾವೆ ಮಾತ್ರ ಕೇಳಬೇಡಿ, ಅಚ್ಚಾದದ್ದು ಒಂದೂ ಇಲ್ಲ! ಅಕ್ಕನ ಗಂಡನಾದ ಇವರೂ ನನ್ನಂತೆ ಕಾಲೇಜು ಮೇಷ್ಟ್ರು. ಇಬ್ಬರೂ ಸಂಶೋಧನಾ ಪತ್ರಿಕೆಗಳಿಗೆ ಲೇಖನ ಕಳಿಸುತ್ತೇವೆ. ವ್ಯತ್ಯಾಸ ಇಷ್ಟೇ: ನನ್ನದನ್ನು ಸಂಪಾದಕರು ವಾಪಸ್ ಕಳಿಸುತ್ತಾರೆ, ಭಾವನದನ್ನು ಭಾವನೇ ವಾಪಸ್ ತರಿಸಿಕೊಳ್ಳುತ್ತಾರೆ. ನೀವೇ ಹೇಳಿ, ಹೊಟ್ಟೆ ಉರಿಯದೆ ಇರುತ್ತದೆಯೇ?

ಮೊದಲ ಲೇಖನ ಕಳಿಸಿದ ದಿನ ಬಿಕರ್ನಕಟ್ಟೆಯ ಬಾಲಯೇಸುವಿಗೆ ಮೇಣದಬತ್ತಿ ಹಚ್ಚಿ ಬಂದರು. ಬತ್ತಿ ಆರುವ ಮೊದಲೇ ಲೇಖನ ವಾಪಸ್! ಒಂಬತ್ತನೇ ಪುಟದಲ್ಲಿ ‘ನಿಸ್ಸಂಶಯವಾಗಿ’ ಎಂದು ಬರೆದಿದ್ದರಂತೆ, ಆಮೇಲೆ ಸಂಶಯ ಬಂತಂತೆ. ಎರಡನೆಯದನ್ನು ಪರಿಶೀಲಕರು ಬಾಯಿತುಂಬ ಹೊಗಳಿದರು.

"ಒಂದು ತಪ್ಪೂ ಸಿಗ್ಲಿಲ್ಲ ಅಂದ್ರೆ ಅವ ಓದ್ಲೇ ಇಲ್ಲ ಮಾರಾಯ!" ಎಂದು ಅದನ್ನೂ ಹಿಂತೆಗೆದರು. ಅಂಥ ಒಬ್ಬ ಸೋಮಾರಿ ನನಗೆ ಸಿಕ್ಕಿದ್ದರೆ ಕಾಣೆ ಮೀನಿನ ಊಟ ಹಾಕಿಸುತ್ತಿದ್ದೆ!

ಮೂರನೆಯದು ಬೋಳಾರದ ಹೊಳೆಬದಿಯವರು ನೀರಿನ ಏರಿಳಿತಕ್ಕೆ ಹೇಳುವ ತುಳು ಮಾತುಗಳ ಬಗ್ಗೆ. ಅದು ಸ್ವೀಕಾರವಾಗಿಯೇ ಬಿಟ್ಟಿತು. ಅಚ್ಚಾದರೆ ಭಾವ ಪ್ರೊಫೆಸರ್. ಈ ವರ್ಷ ತಪ್ಪಿದರೆ ಮುಂದಿನದು ನಿವೃತ್ತಿಯೇ. ಅಕ್ಕ ಪಾಯಸ ಮಾಡಿದಳು. ನಾನು ಎರಡು ಲೋಟ ಕುಡಿದೆ, ಎರಡೂ ಕಹಿ!

ಆದರೆ ಭಾವನದೊಂದು ವ್ರತವಿದೆ. ಮಾತು ಹೇಳಿಕೊಟ್ಟವರ ಎದುರು ಕೂತು, ಅಚ್ಚಿಗೆ ಮೊದಲು ಪೂರ್ತಿ ಓದಿ ಹೇಳಬೇಕು. ಹೊಳೆಯಲ್ಲಿ ಮರುವಾಯಿ ಎಂಬ ಚಿಪ್ಪುಮೀನು ಹೆಕ್ಕಿ ಮಾರುವ ಅಜ್ಜಿಗೆ ಓದಿ ಬಂದವರೇ ಅದನ್ನೂ ಹಿಂತೆಗೆದರು. ಒಳಗೊಳಗೇ ಹಿಗ್ಗುತ್ತ ಸಮಾಧಾನ ಹೇಳಲು ಓಡಿದೆ.

"ನಿಮಗೆ ತಲೆ ಸಮ ಉಂಟಾ ಮಾರಾಯ್ರೆ?" ಅಕ್ಕ ಸೌಟು ಹಿಡಿದು ನಿಂತಿದ್ದಳು.

ಭಾವ ನನ್ನತ್ತ ತಿರುಗಿದರು. "‘ನೀರ್ ಎಣ್ಣುನ ಪೊರ್ತು’ ಅಂತ ಅಜ್ಜಿಯ ಹೆಸರಲ್ಲಿ ಬರೆದಿದ್ದೆ. ಅದು ಅವರ ಮಾತಲ್ಲವಂತೆ. ಮರುವಾಯಿ ಕೊಳ್ಳಲಿಕ್ಕೆ ಬರ್ತಿದ್ದ ನಿಮ್ಮ ಅಮ್ಮನದ್ದಂತೆ."

"ಹೆಸರೊಂದು ತಿದ್ದಿದ್ರೆ ಸಾಕಿತ್ತಲ್ಲ!" ಎಂದಳು ಅಕ್ಕ.

"ತಿದ್ದಬಹುದಿತ್ತು. ಅತ್ತೆಗೆ ಓದಿ ಹೇಳದೆ ಹೇಗೆ? ಅವರು ಈಗ ಇಲ್ಲ. ನೀವಿಬ್ರು ಕೂತು ಕೇಳ್ತೀರಾ?"

ಇಳಿತ ಮುಗಿದು ಏರುವ ಮೊದಲು ನೀರು ಸುಮ್ಮನೆ ನಿಲ್ಲುತ್ತದಲ್ಲ, ಅದು ನೀರು ಯೋಚಿಸುವ ಹೊತ್ತು ಎನ್ನುತ್ತಿದ್ದಳು ಅಮ್ಮ. ಹೆತ್ತ ಮಗ ನಾನು ಮರೆತೇಬಿಟ್ಟಿದ್ದೆ.

ಅಕ್ಕ ಒಲೆ ಆರಿಸಿ ಬಂದು ಕೂತಳು. ಭಾವ ಓದಿದರು. ಆ ಮಾತು ಬಂದಾಗ ಅವರ ಗಂಟಲಲ್ಲಿ ಅಮ್ಮನ ರಾಗವೇ ಇತ್ತು. ಅಷ್ಟು ಹೊಟ್ಟೆಕಿಚ್ಚು ನನಗೆ ಜನ್ಮದಲ್ಲಿ ಆಗಿರಲಿಲ್ಲ.

"ಇನ್ನೊಮ್ಮೆ ಓದಿ ಭಾವ" ಎಂದೆ.