ಲಿಲ್ಲಿಯ ಶನಿವಾರದ ಸ್ನಾನ

ಶನಿವಾರ ಮುಂಜಾನೆ ನಮ್ಮ ಮನೆಯಲ್ಲಿ ಎರಡು ಅಭ್ಯಂಗಗಳು. ಒಂದು ನಮ್ಮ ಯಜಮಾನರದು, ಇನ್ನೊಂದು ಲಿಲ್ಲಿಯದು. ಇಬ್ಬರಿಗೂ ಅದು ಬೇಡವಾದ ಕೆಲಸ. ಯಜಮಾನರು ಟಿಕೋಟಾದ ರಸ್ತೆಗೆ ಖಡಿಕಲ್ಲು ಹಾಕಿಸುವ ನೆಪ ಹೇಳಿ ಸೈಕಲ್ ಹತ್ತಿಬಿಡುತ್ತಿದ್ದರು. ಲಿಲ್ಲಿಗೆ ಸೈಕಲ್ ಬರುತ್ತಿರಲಿಲ್ಲವಾದ್ದರಿಂದ ಅದು ನನ್ನ ಕೈಗೆ ಸಿಗುತ್ತಿತ್ತು. ಆ ಶನಿವಾರವೂ ಹಾಗೆಯೇ ಆಯಿತು. ಹಂಡೆಯ ನೀರಿಗೆ ಬೆರಳು ಅದ್ದಿ ಬಿಸಿ ನೋಡಿ, ಸಾಬೂನು ಹಚ್ಚಿ, ಕಿವಿಯ ಒಳಗೆ ನೀರು ಹೋಗದಂತೆ ಎರಡು ಬೆರಳಿನಿಂದ ಮಡಚಿ ಹಿಡಿದು, ಕೊನೆಯ ತಂಬಿಗೆಗೆ ಧೋತರಕ್ಕೆ ಹಾಕುವ ನೀಲಿಯನ್ನು ಒಂದೇ ಒಂದು ಹನಿ ಬೆರೆಸಿ ಸುರಿದೆ. ಲಿಲ್ಲಿ ಎಂಬುದು ಮೊಲ. ಬೆಳ್ಳಗಿನ, ಕೆಂಪು ಕಣ್ಣಿನ, ಇನ್ನೂ ಪೂರ್ತಿ ಬೆಳೆಯದ ಮೊಲ.

ನಾನು ಕಾನ್ವೆಂಟಿನಲ್ಲಿ ಓದಿದವಳು. ಅಲ್ಲಿ ಕಲಿತ ಗಣಿತ ಮರೆತಿದ್ದೇನೆ, ರಾಜರ ಹೆಸರುಗಳೂ ಮರೆತಿವೆ, ಆದರೆ ಅಚ್ಚುಕಟ್ಟುತನಕ್ಕೆ ಸಾಲಾಗಿ ಮೂರು ವರ್ಷ ಬಹುಮಾನ ಪಡೆದದ್ದು ಮರೆತಿಲ್ಲ. ಮನೆಗೆ ಬಂದವರು ಮರೆಯಲೂ ಬಿಡುವುದಿಲ್ಲ. ಅಂಥವಳನ್ನು ತಂದು ಬಬಲೇಶ್ವರದ ಊರ ಕೊನೆಯ ಮನೆಯಲ್ಲಿ ಇಟ್ಟರೆ ಏನಾಗುತ್ತದೆ? ಕಳ್ಳಿಬೇಲಿಯ ಆಚೆಗೆ ಸಾರವಾಡದ ತನಕ ಒಂದೇ ಸಮನೆ ಎರೆಹೊಲ. ಗಿಡವಿಲ್ಲ, ಗುಡ್ಡವಿಲ್ಲ. ಗಾಳಿ ಬೀಸಿದರೆ ಆ ಕರಿಮಣ್ಣು ನಮ್ಮ ಹಾಸಿಗೆ, ರೊಟ್ಟಿ, ಹಲ್ಲಿನ ಸಂದು ಎಲ್ಲದರಲ್ಲೂ ಬಂದು ಕೂಡುತ್ತಿತ್ತು. ನಾನು ಒರೆಸುತ್ತಿದ್ದೆ, ಅದು ಬರುತ್ತಿತ್ತು. ಲಿಲ್ಲಿಗಂತೂ ಆ ಮಣ್ಣಿನ ಹುಚ್ಚು. ಬಿಟ್ಟರೆ ಸಾಕು, ಅಂಗಳದ ಮೂಲೆಗೆ ಓಡಿ ಹೊರಳಾಡುವುದು. ನಾನು ಹಿಂದೆ ಓಡಿ, ಎತ್ತಿ, ಬಟ್ಟೆಯಿಂದ ಒರೆಸುವುದು. ನಮ್ಮಿಬ್ಬರ ನಡುವೆ ವಾರವಿಡೀ ಇದೇ ಜಗಳ, ಶನಿವಾರ ನನ್ನ ಗೆಲುವು.

ಲಿಲ್ಲಿಯನ್ನು ಕೊಟ್ಟವಳು ನನ್ನ ತಂಗಿ. ಹಗಲೆಲ್ಲ ಒಬ್ಬಳೇ ಇರುತ್ತೀಯಲ್ಲ ಎಂದು ಬುಟ್ಟಿಯಲ್ಲಿ ಹಾಕಿ ಕಳಿಸಿದ್ದಳು. ಅವಳ ಪ್ರತಿ ಪತ್ರದಲ್ಲೂ ನನ್ನ ಕ್ಷೇಮ ಒಂದು ಸಾಲು, ಲಿಲ್ಲಿಯ ಕ್ಷೇಮ ಒಂದು ಪುಟ. ಬರುವ ಮಂಗಳವಾರ ವಿಜಾಪುರದಲ್ಲಿ ರೈಲು ಇಳಿದು ಬರುವವಳಿದ್ದಳು, ನನ್ನನ್ನು ನೋಡಲು ಎಂದು ಬರೆದಿದ್ದಳು, ಆದರೆ ನಾನು ಅಷ್ಟು ಪೆದ್ದಿಯಲ್ಲ. ಮಂಗಳವಾರದ ತನಕ ಆ ಮೊಲವನ್ನು ಜೀವಂತ ಇಡುವುದು ನನ್ನ ಹೊಣೆಯಾಗಿತ್ತು. ಏಕೆಂದರೆ ಆ ಬಯಲಿನ ಮೇಲೆ ಒಂದು ಗಿಡುಗವಿತ್ತು.

ಅದು ಮೊದಲ ಸಲ ಬಂದಾಗ ನಾನು ಅದನ್ನು ಪಾರಿವಾಳ ಎಂದುಕೊಂಡಿದ್ದೆ. ಅದು ಇಳಿಯುತ್ತ ಇಳಿಯುತ್ತ ಬೆಳೆಯಿತು. ನೆರೆಮನೆಯ ಗಂಗವ್ವ ‘ಬಾಯಾರ’ ಎಂದು ನನ್ನನ್ನು ಕೂಗದಿದ್ದರೆ ಲಿಲ್ಲಿಯ ಕಥೆ ಅಂದೇ ಮುಗಿಯುತ್ತಿತ್ತು. ಗಂಗವ್ವನಿಗೆ ಎರಡು ಎಕರೆ ಹೊಲ, ಹತ್ತಾರು ಮಣ್ಣುಬಣ್ಣದ ಕೋಳಿ, ಮತ್ತು ನನ್ನ ಮನೆಯ ವಿಷಯದಲ್ಲಿ ಅಪಾರ ಆಸಕ್ತಿ. ಮೊದಲ ದಿನವೇ ಲಿಲ್ಲಿಯನ್ನು ಕೈಯಲ್ಲಿ ತೂಗಿ ನೋಡಿ, ಸಾರು ಯಾವಾಗ ಎಂದು ಕೇಳಿದವಳು. ಅವಳ ಕೋಳಿಗಳು ಇಡೀ ದಿನ ಬಯಲಲ್ಲೇ ತಿರುಗುತ್ತಿದ್ದವು. ಗಿಡುಗ ಅವನ್ನು ತಿರುಗಿಯೂ ನೋಡುತ್ತಿರಲಿಲ್ಲ. ನನ್ನ ಅಂಗಳದ ಮೇಲೆ ಮಾತ್ರ ಗಿರಕಿ ಹೊಡೆಯುತ್ತಿತ್ತು. ಇದರಲ್ಲಿ ಏನೋ ಪಕ್ಷಪಾತವಿದೆ ಎಂದು ನನಗೆ ಆಗಲೇ ಅನಿಸಿತ್ತು.

ಬೆದರುಗೊಂಬೆ ಮಾಡಿದೆ. ಯಜಮಾನರ ಹಳೆಯ ಖಾಕಿ ಕೋಟು, ಸರಕಾರಿ ಕೆಲಸದ ದೊಡ್ಡ ಟೋಪಿ, ಎಲ್ಲ ಇಸ್ತ್ರಿ ಮಾಡಿಯೇ ಹಾಕಿದ್ದೆ. ಮರುದಿನ ಗಿಡುಗ ಆ ಟೋಪಿಯ ಮೇಲೆ ಕೂತು ಲಿಲ್ಲಿಯನ್ನು ಸಾವಕಾಶವಾಗಿ ನೋಡುತ್ತಿತ್ತು. ಯಜಮಾನರು, “ಆ ಟೋಪಿಗಿ ನನ್ನ ಕೂಲಿ ಆಳs ಅಂಜೂದಿಲ್ಲ, ಗಿಡುಗ ಅಂಜತದೇನು?” ಅಂದರು. ಅನಂತರ ಅಂಗಿ ಹೊಲಿದೆ. ದಪ್ಪ ಕಂಬಳಿಯ ತುಂಡು, ಬೆನ್ನಿನ ಉದ್ದಕ್ಕೂ ಜಾಲಿಯ ಮುಳ್ಳುಗಳು, ಅಂಚಿಗೆ ಕಾನ್ವೆಂಟಿನ ಸಿಸ್ಟರ್ ಕಲಿಸಿದ್ದ ಗರಿಹೊಲಿಗೆ. ಹಿಡಿಯಲು ಬಂದವನ ಉಗುರಿಗೇ ಮುಳ್ಳು ಚುಚ್ಚಲಿ ಎಂಬುದು ಉದ್ದೇಶ. ಗಿಡುಗ ಆ ವಾರ ಬರಲಿಲ್ಲ. ಸಂಜೆ ದಣಿದು ಬಂದ ಯಜಮಾನರು ಪ್ರೀತಿಯಿಂದ ಲಿಲ್ಲಿಯನ್ನು ತೊಡೆಯ ಮೇಲೆ ಎತ್ತಿಕೊಂಡರು. ಅಂದಿನಿಂದ ಅವರು ಅದಕ್ಕೆ ದೂರದಿಂದಲೇ ನಮಸ್ಕಾರ ಮಾಡುತ್ತಾರೆ.

ನನ್ನ ಮುಂಜಾಗ್ರತೆಗೆ ಇನ್ನೊಂದು ಸಾಕ್ಷಿ ಮನೆಯ ಕಿಟಕಿಗಳಲ್ಲಿತ್ತು. ಯುದ್ಧದ ಕಾಲ. ಮುಂಬೈಯಲ್ಲಿ ವಿಮಾನಗಳ ಭಯಕ್ಕೆ ಕಿಟಕಿಗಳಿಗೆ ಕರಿಕಾಗದ ಹಚ್ಚುತ್ತಾರೆಂದು ಪತ್ರಿಕೆಯಲ್ಲಿ ಓದಿ, ನಾನೂ ನಮ್ಮ ಎರಡು ಕಿಟಕಿಗಳಿಗೆ ಅಳತೆ ತೆಗೆದು ಹಚ್ಚಿಬಿಟ್ಟಿದ್ದೆ. ಒಳಗಿದ್ದದ್ದು ಒಂದೇ ಚಿಮಣಿ ದೀಪ. ಜಪಾನಿನವರು ಬಬಲೇಶ್ವರದ ತನಕ ಬಂದರೆ ದಾರಿ ಕೇಳಲು ನಮ್ಮ ಮನೆಗೇ ಬರಬೇಕಾದೀತು ಎಂದು ಯಜಮಾನರು ನಕ್ಕರು. ಗಂಗವ್ವ ನಗಲಿಲ್ಲ. ಇದೇಕೆ ಎಂದು ಕೇಳಿದಳು. ಮೇಲಿನಿಂದ ನೋಡುವವರಿಗೆ ನಾವು ಕಾಣಬಾರದು, ಅದಕ್ಕೆ ಎಂದು ತಿಳಿಸಿ ಹೇಳಿದೆ. ಅವಳು ಬಹಳ ಹೊತ್ತು ಕಾಗದ ನೋಡಿ, ಖರೆ ಅದ ಎಂದು ತಲೆಯಾಡಿಸಿ ಹೋದಳು. ಓದಿದವರ ಮಾತಿಗೆ ಬೆಲೆ ಕೊಡುವ ಹೆಂಗಸು ಎಂದು ನನಗೆ ಅಭಿಮಾನವೆನಿಸಿತು.

ಮತ್ತೆ ಆ ಶನಿವಾರಕ್ಕೆ ಬರುತ್ತೇನೆ. ಒದ್ದೆ ಮೈಗೆ ಮುಳ್ಳಂಗಿ ಹಾಕಲು ಬರುವುದಿಲ್ಲ. ಆದ್ದರಿಂದ ಸ್ನಾನದ ಮೇಲೆ ಲಿಲ್ಲಿಯನ್ನು ಬಿಸಿಲಿಗೆ ಬಿಟ್ಟು, ಒಣಗುವ ತನಕ ನಾನೇ ಕೊಡೆ ಹಿಡಿದು ಕಾವಲು ನಿಲ್ಲುವುದು ಪದ್ಧತಿ. ನಿಂತೆ. ತಂತಿಯ ಮೇಲೆ ಹಾಕಿದ್ದ ಯಜಮಾನರ ಧೋತರ ಒಂದು ಕಡೆ ಒಂದು ಗೇಣು ಜಾಸ್ತಿ ಇಳಿದಿತ್ತು. ಅದನ್ನು ನೋಡುತ್ತ ನಿಲ್ಲುವುದು ನನ್ನಿಂದ ಆಗುವ ಮಾತಲ್ಲ. ಕೊಡೆ ಕೆಳಗಿಟ್ಟು, ಎರಡು ಅಂಚು ಸರಿ ಕೂಡಿಸುವಷ್ಟರಲ್ಲಿ ನೆಲದ ಮೇಲೆ ಒಂದು ನೆರಳು ಸರ್ರನೆ ಹಾಯಿತು.

ಕೈಗೆ ಸಿಕ್ಕ ಧೋತರವನ್ನೇ ಬೀಸಿದೆ. ಗಿಡುಗ ಗುರಿ ತಪ್ಪಿ ಮೇಲೆದ್ದಿತು. ಲಿಲ್ಲಿ ಕಳ್ಳಿಯ ಸಂದಿನಿಂದ ಹೊರಬಿದ್ದು, ಬಿತ್ತಿಗೆಗೆಂದು ಹರಗಿ ಮಣ್ಣು ಸಡಿಲ ಮಾಡಿ ಬಿಟ್ಟಿದ್ದ ಹೊಲಕ್ಕೆ ಓಡಿತು. ನಾನು ಸುತ್ತು ಹಾಕಿ, ಬರಿಗಾಲಲ್ಲಿ, ಕೊಡೆ ಎತ್ತಿಕೊಂಡು ಓಡಿದೆ. ಗಿಡುಗ ಎರಡನೆಯ ಸಲ ಎರಗಿ ಬದುವಿನ ಆಚೆಗೆ ಮರೆಯಾಯಿತು. ಅದು ಮತ್ತೆ ಮೇಲೆದ್ದಾಗ ನನಗೆ ಎದುರು ಬಿಸಿಲು. ಕಾಲಲ್ಲಿ ಏನಾದರೂ ಇತ್ತೋ ಇಲ್ಲವೋ ಕಾಣಲಿಲ್ಲ. ಆಮೇಲೆ ಆ ಹೊಲವನ್ನು ಸಾಲು ಸಾಲಾಗಿ ತಿರುಗಿದೆ. ಅಷ್ಟು ವಿಶಾಲವಾದ ಕರಿ ನೆಲದಲ್ಲಿ ಎಲ್ಲಿಯೂ ಒಂದು ಬಿಳಿ ಚುಕ್ಕೆ ಇಲ್ಲ.

ಮಧ್ಯಾಹ್ನ ಒಲೆ ಹೊತ್ತಿಸಲಿಲ್ಲ. ತಂಗಿಗೆ ಪತ್ರ ಬರೆಯಲು ಕೂತೆ. ‘ಪ್ರೀತಿಯ’ ಎಂಬ ಶಬ್ದದ ಮುಂದೆ ಲೇಖನಿ ಹೋಗಲಿಲ್ಲ. ಪತ್ರ ಮುಟ್ಟುವ ಮೊದಲು ಅವಳೇ ಮುಟ್ಟುತ್ತಾಳೆಂದು ಆಮೇಲೆ ಹೊಳೆಯಿತು. ಕಿಟಕಿಯ ಕೆಳಗೆ ಮುಳ್ಳಂಗಿ ಮಡಚಿ ಇಟ್ಟಿತ್ತು, ನಾಲ್ಕೂ ಮೂಲೆ ಸರಿಯಾಗಿ. ಅದನ್ನು ನೋಡಿ ಅತ್ತುಬಿಟ್ಟೆ.

ಸಂಜೆ ಯಜಮಾನರು ಬಂದು, ಸುದ್ದಿ ಕೇಳಿ, ಚಹಾ ತಾವೇ ಮಾಡಲು ಹೋಗಿ ಸಕ್ಕರೆಯ ಬದಲು ಉಪ್ಪು ಹಾಕಿದರು. ಅದನ್ನೇ ಇಬ್ಬರೂ ಕುಡಿಯುತ್ತಿರುವಾಗ ಗಂಗವ್ವ ಸೆರಗಿನಲ್ಲಿ ಏನನ್ನೋ ಮುಚ್ಚಿಕೊಂಡು ಬಂದಳು. ಹೊಲದ ಬದುವಿನ ಕೆಳಗೆ ಸಿಕ್ಕಿತು ಎಂದು ಹೇಳಿ ಕಟ್ಟೆಯ ಮೇಲೆ ಬಿಟ್ಟಳು. ಕರ್ರಗಿನ, ಮಣ್ಣುಹೆಂಟೆಯಂಥ ಒಂದು ಪ್ರಾಣಿ. ನಾನು ಸಭ್ಯತೆಯಿಂದಲೇ, ಇದು ನಮ್ಮದಲ್ಲ, ನಮ್ಮದು ಬಿಳಿ ಎಂದೆ.

“ನಿಮ್ಮದs ರೀ. ಕಣ್ಣ ನೋಡ್ರಿ, ಕೆಂಪ ಅದಾವ,” ಅಂದಳು. “ಹಸಿ ಮೈ ತಗೊಂಡು ಮಣ್ಣಾಗ ಹೊಳ್ಳ್ಯಾಡೇತಿ. ಆ ಗಿಡುಗ ಮ್ಯಾಲ ತಿರುಗೇ ತಿರುಗ್ತು, ಇದು ಅದರ ಬುಡಕs ಹೆಂಟಿಯಂಗ ಕುಂತಿತ್ತು. ನಿಮ್ಮ ಹೆಜ್ಜೀನೂ ಬಾಜೂಕs ಎರಡ ಸಲ ದಾಟಿ ಹೋಗ್ಯಾವ.”

ಲಿಲ್ಲಿಯನ್ನು ಎದೆಗೆ ಅವಚಿಕೊಂಡೆ. ನನ್ನ ಸೀರೆ ಹಾಳಾಯಿತು, ಆ ಹೊತ್ತಿಗೆ ಅದು ಲೆಕ್ಕಕ್ಕೆ ಬರಲಿಲ್ಲ. ಆದರೆ ಮಂಗಳವಾರ ತಂಗಿ ಬರುವವಳು. ಈ ಅವತಾರದಲ್ಲಿ ನೋಡಿದರೆ ಏನೆಂದಾಳು? ಯಜಮಾನರಿಗೆ ಹಂಡೆಗೆ ಉರಿ ಹಾಕಲು ಹೇಳಿ, ಗೋಡೆಯ ಗೂಡಿನಿಂದ ಸಾಬೂನು ತೆಗೆದುಕೊಂಡು ಬಂದೆ. ಗಂಗವ್ವ ಕೋಳಿ ಕೂಡಿಹಾಕಲು ಹೊತ್ತಾಯಿತೆಂದು ಎದ್ದವಳು, ಸಾಬೂನನ್ನೊಮ್ಮೆ, ಕಿಟಕಿಯನ್ನೊಮ್ಮೆ ನೋಡಿ, ಸೆರಗಿನ ಮಣ್ಣು ಝಾಡಿಸುತ್ತ ಅಂದಳು:

“ಮ್ಯಾಲಿನವ್ರಿಗೆ ಕಾಣಬಾರದಂತ ಕಿಡಕಿಗಿ ಕರೀ ಕಾಗದಾ ಹಚ್ಚೀರಿ. ಇದಕ್ಕ ಮತ್ತ ವಾರಕ್ಕೊಮ್ಮಿ ಸಾಬಾಣ ಹಚ್ಚಿ ದೀಪಾ ಮಾಡಿ ಯಾಕ ಬಿಡ್ತೀರಿ, ಬಾಯಾರ?”